ಮನೆಯ ಕಂಪ್ಯೂಟರಿನಲ್ಲಿ ಸುಳ್ಳು ಪಾಪ್-ಅಪ್ ಮತ್ತು ಸ್ಪೈವೇರ್: ಗುರುತಿಸುವುದು, ತೆಗೆಯುವುದು, ಮತ್ತೆ ಬಾರದಂತೆ ನೋಡಿಕೊಳ್ಳುವುದು

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷವಿಡೀ ತಪ್ಪದೆ ಬರುತ್ತದೆ: ‘ಕಂಪ್ಯೂಟರ್ ಆನ್ ಮಾಡಿದರೆ ಸಾಕು, ವೈರಸ್ ಬಂದಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ತೆರೆಯ ಮೇಲೆ ಬರುತ್ತಿದೆ. ಫಾರ್ಮ್ಯಾಟ್ ಹೊಡೆಸಿಬಿಡಬೇಕೇ?’ ಬಹುತೇಕ ಸಂದರ್ಭಗಳಲ್ಲಿ ಅದರ ಅಗತ್ಯವಿಲ್ಲ. ಗದ್ದಲವೆಬ್ಬಿಸುವ ಪಾಪ್-ಅಪ್, ಅಂದರೆ ತಾನಾಗಿ ಎದ್ದು ಬರುವ ಆ ಕಿಟಕಿ, ಹೆಚ್ಚಿನ ಸಲ ನಿಮ್ಮ ಯಂತ್ರದೊಳಗೆ ಇರುವುದೇ ಇಲ್ಲ. ಅದು ಯಾವುದೋ ಜಾಲತಾಣ ಬ್ರೌಸರಿನ ಮೂಲಕ ಕಳಿಸುತ್ತಿರುವ ಜಾಹೀರಾತು. ಇದಕ್ಕೆ ಪ್ರತಿಯಾಗಿ, ನಿಜವಾದ ಸ್ಪೈವೇರ್, ಅಂದರೆ ನೀವು ಒತ್ತುವ ಕೀಲಿಗಳನ್ನೂ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ನಿಮಗೆ ತಿಳಿಯದಂತೆ ಹೊರಗೆ ಸಾಗಿಸುವ ತಂತ್ರಾಂಶ, ಯಾವ ಎಚ್ಚರಿಕೆಯನ್ನೂ ತೋರಿಸದೆ ಕೆಲಸ ಮಾಡುತ್ತದೆ. ಗದ್ದಲ ಮಾಡುವುದಕ್ಕೆ ಹೆದರಿ, ಸದ್ದಿಲ್ಲದ್ದನ್ನು ಗಮನಿಸದೆ ಬಿಡುವುದೇ ಹೆಚ್ಚಿನ ನಷ್ಟಕ್ಕೆ ಕಾರಣವಾಗುತ್ತಿದೆ. ಆದ್ದರಿಂದ ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು. ಬ್ರೌಸರ್ ಕ್ರೋಮ್ ಎಂದು ಇಟ್ಟುಕೊಂಡಿದ್ದೇನೆ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲಿಯೂ ಇವೇ ಸೌಲಭ್ಯಗಳು ತುಸು ಬೇರೆ ಹೆಸರಿನ ಮೆನುಗಳಲ್ಲಿ ಸಿಗುತ್ತವೆ.

ಕೆಲಸ ಶುರು ಮಾಡುವ ಮೊದಲು ಬೇಕಾದವು

ನಿಧಾನವಾಗಿ ಕೂರಲು ಒಂದು ಮಧ್ಯಾಹ್ನದ ಬಿಡುವು, ಇಂಟರ್ನೆಟ್ ಸಂಪರ್ಕ, ಒಂದು ಖಾಲಿ ಪೆನ್‌ಡ್ರೈವ್, ಮತ್ತು ಈ ತೊಂದರೆ ಇಲ್ಲದ ಇನ್ನೊಂದು ಸಾಧನ ಬೇಕು. ಇನ್ನೊಂದು ಸಾಧನವೆಂದರೆ ಸಾಮಾನ್ಯವಾಗಿ ನಿಮ್ಮ ಮೊಬೈಲ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇಡಿ; ಡೆಸ್ಕ್‌ಟಾಪ್ ಆಗಿದ್ದು ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತನ್ನು ಆರಿಸಿಕೊಳ್ಳಿ, ಏಕೆಂದರೆ ಸ್ಕ್ಯಾನ್ ಅರ್ಧದಲ್ಲಿ ನಿಂತರೆ ಮೊದಲಿನಿಂದ ಮಾಡಬೇಕಾಗುತ್ತದೆ. ಪೆನ್‌ಡ್ರೈವಿಗೆ ಫೋಟೋ, ಮಕ್ಕಳ ಪ್ರಾಜೆಕ್ಟ್, ನುಡಿಯಲ್ಲಿ ಟೈಪ್ ಮಾಡಿದ ಕಡತ ಮುಂತಾದವನ್ನು ಮಾತ್ರ ನಕಲು ಮಾಡಿಕೊಳ್ಳಿ. ಹೆಸರಿನ ಕೊನೆಯಲ್ಲಿ ‘ಡಾಟ್ ಇಎಕ್ಸ್‌ಇ’ ಅಥವಾ ‘ಡಾಟ್ ಎಂಎಸ್‌ಐ’ ಇರುವ ಕಡತಗಳು ತಂತ್ರಾಂಶವನ್ನು ಸ್ಥಾಪಿಸುವಂಥವು. ಅವನ್ನು ಉಳಿಸಿಕೊಂಡರೆ ತೊಂದರೆಯನ್ನೇ ಉಳಿಸಿಕೊಂಡ ಹಾಗಾಗಬಹುದು.

ಹಂತ 1: ತೆರೆ ತುಂಬಿದ ಎಚ್ಚರಿಕೆಯನ್ನು ಮುಚ್ಚುವುದು

ತೆರೆಯಿಡೀ ಕೆಂಪು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮೈಕ್ರೋಸಾಫ್ಟ್‌ನ ಗುರುತು ಕಾಣುತ್ತದೆ, ಸ್ಪೀಕರಿನಿಂದ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ‘ಕಂಪ್ಯೂಟರನ್ನು ಆಫ್ ಮಾಡಬೇಡಿ, ನಿಮ್ಮ ಬ್ಯಾಂಕ್ ವಿವರಗಳು ಸೋರುತ್ತಿವೆ’ ಎಂಬ ಧ್ವನಿ ಕೇಳುತ್ತದೆ, ನಡುವೆ ದೊಡ್ಡ ಅಕ್ಷರಗಳಲ್ಲಿ ಒಂದು ಫೋನ್ ನಂಬರ್ ಇರುತ್ತದೆ. ಇದು ಕೇವಲ ಒಂದು ವೆಬ್ ಪುಟ. ಮೈಕ್ರೋಸಾಫ್ಟ್ ಕಂಪನಿಯು ತನ್ನ ನಿಜವಾದ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದೆ. ನಂಬರ್ ಕಂಡರೆ ಅದು ಮೋಸವೆಂದು ನಿಸ್ಸಂಶಯವಾಗಿ ತಿಳಿಯಿರಿ.

ಮೊದಲು ಸ್ಪೀಕರ್ ಬಂದ್ ಮಾಡಿ. ಆ ಧ್ವನಿಯ ಉದ್ದೇಶವೇ ನೀವು ಯೋಚಿಸದಂತೆ ಮಾಡುವುದು. ಆನಂತರ ಎಸ್ಕೇಪ್ ಕೀಲಿಯನ್ನು ಕೆಲವು ಕ್ಷಣ ಒತ್ತಿಯೇ ಹಿಡಿಯಿರಿ. ಪುಟವು ತೆರೆ ತುಂಬಿರುವ ಸ್ಥಿತಿಯಿಂದ ಹೊರಬಂದು ಮೇಲೆ ಬ್ರೌಸರಿನ ಪಟ್ಟಿ ಕಾಣುತ್ತದೆ. ಆಗ ಆ ಟ್ಯಾಬನ್ನು ಮುಚ್ಚಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರಿನ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಒತ್ತಿರಿ. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ‘ರಿಸ್ಟೋರ್’ ಮಾಡಲೇ ಎಂದು ಅದು ಕೇಳಿದರೆ ಬೇಡವೆನ್ನಿ, ಇಲ್ಲದಿದ್ದರೆ ಅದೇ ಪುಟ ಮರಳಿ ಬರುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಆ ಎಚ್ಚರಿಕೆಯ ಪೆಟ್ಟಿಗೆಯ ಮೂಲೆಯಲ್ಲಿರುವ ಕತ್ತರಿ ಗುರುತನ್ನು ಒತ್ತುವುದರಲ್ಲಿ. ಆ ಗುರುತು ಬಹಳ ಸಲ ಚಿತ್ರದ ಭಾಗವಷ್ಟೇ ಆಗಿರುತ್ತದೆ. ಅದನ್ನೇ ಆಗಲಿ, ‘ಕ್ಯಾನ್ಸಲ್’ ಎಂದು ಬರೆದಿರುವುದನ್ನೇ ಆಗಲಿ ಒತ್ತಿದರೂ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಪೆಟ್ಟಿಗೆಯೊಳಗಿನ ಯಾವುದನ್ನೂ ಮುಟ್ಟದೆ ಹೊರಗಿನಿಂದ ಮುಚ್ಚಬೇಕು.

ನಂಬರಿಗೆ ಈಗಾಗಲೇ ಫೋನ್ ಮಾಡಿದ್ದರೆ, ಮುಂದಿನ ಹಂತಗಳಿಗಿಂತ ಮೊದಲು ಇದನ್ನು ಮಾಡಿ

ಫೋನಿನಲ್ಲಿ ಮಾತನಾಡಿದವರು ಎನಿಡೆಸ್ಕ್, ಟೀಮ್‌ವ್ಯೂವರ್ ಅಥವಾ ಅಂಥದ್ದೇ ಒಂದು ತಂತ್ರಾಂಶವನ್ನು ಹಾಕಿಸಿ, ತೆರೆಯ ಮೇಲೆ ಕಾಣುವ ಅಂಕಿಗಳನ್ನು ಹೇಳಿಸಿಕೊಂಡಿದ್ದರೆ, ನಿಮ್ಮ ಕಂಪ್ಯೂಟರನ್ನು ಅವರು ತಮ್ಮ ಜಾಗದಿಂದಲೇ ನಡೆಸುತ್ತಿದ್ದಾರೆ ಎಂದು ಅರ್ಥ. ಇವು ದೂರದಿಂದ ನೆರವು ನೀಡಲೆಂದು ಮಾಡಿದ ಸಾಚಾ ತಂತ್ರಾಂಶಗಳು. ಆದ್ದರಿಂದಲೇ ಆಂಟಿವೈರಸ್ ಇವನ್ನು ತಡೆಯದೆ ಇರಬಹುದು. ತಕ್ಷಣ ವೈಫೈ ಬಂದ್ ಮಾಡಿ ಅಥವಾ ರೂಟರಿನ ತಂತಿಯನ್ನು ಕಿತ್ತುಬಿಡಿ. ತಂತ್ರಾಂಶವನ್ನು ತೆಗೆಯುವುದು ಆಮೇಲಿನ ಮಾತು. ಮೊದಲು ಸಂಪರ್ಕ ಕಡಿಯಬೇಕು.

ಹಣ ಹೋಗಿದ್ದರೆ ಮೊಬೈಲಿನಿಂದ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದೂರು ದಾಖಲಾದ ಕೂಡಲೇ ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯಲಾಗುತ್ತದೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸುವುದರಿಂದ ಮೊದಲ ಗಂಟೆ ಬಹಳ ಮುಖ್ಯ. ಅದರೊಂದಿಗೇ ನಿಮ್ಮ ಬ್ಯಾಂಕಿಗೂ ತಿಳಿಸಿ, ನೆಟ್‌ಬ್ಯಾಂಕಿಂಗ್ ಮತ್ತು ಕಾರ್ಡನ್ನು ಬಂದ್ ಮಾಡಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ತತ್ವ ಇಷ್ಟು: ಗ್ರಾಹಕರ ತಪ್ಪಿನಿಂದ, ಉದಾಹರಣೆಗೆ ಒಟಿಪಿಯನ್ನು ಬೇರೆಯವರಿಗೆ ಹೇಳಿದ್ದರಿಂದ, ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದ್ದು. ‘ಮಗ ಬೆಂಗಳೂರಿನಿಂದ ಬರಲಿ, ಆಮೇಲೆ ನೋಡೋಣ’ ಎಂದು ಎರಡು ದಿನ ಕಾಯುವುದರ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಆನಂತರ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಸಲ್ಲಿಸಿ, ಜಿಲ್ಲಾ ಕೇಂದ್ರದಲ್ಲಿರುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಈ ಠಾಣೆ ದಾವಣಗೆರೆಯಲ್ಲಿಯೂ ಚಿತ್ರದುರ್ಗದಲ್ಲಿಯೂ ಇದೆ. ಠಾಣೆಗೆ ಹೋಗುವ ಮೊದಲು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಬೇಡಿ, ಅದರಲ್ಲಿ ಸಾಕ್ಷ್ಯವಿದೆ. ತೆರೆಯ ಮೇಲಿನ ನಂಬರ್, ಪುಟದ ವಿಳಾಸ, ಕರೆ ಬಂದ ಸಮಯ, ಬ್ಯಾಂಕಿನ ಎಸ್ಎಂಎಸ್ ಇವುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಇಂಥ ಕರೆ ಮಾಡಿದವರು ಮನೆಯಲ್ಲಿ ಯಾರೇ ಆಗಿರಲಿ, ನಿವೃತ್ತರಾದ ಅಪ್ಪ ಆಗಿರಲಿ, ಪಿಯುಸಿ ಓದುವ ಮಗಳೇ ಆಗಿರಲಿ, ಅವರನ್ನು ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರುವವರು ಒಟಿಪಿ ಹೇಳಿದ ಸಂಗತಿಯನ್ನು ಮುಚ್ಚಿಡುತ್ತಾರೆ, ಹಣವನ್ನು ತಡೆಯಬಹುದಾಗಿದ್ದ ಗಂಟೆಗಳು ಹಾಗೆಯೇ ಕಳೆದುಹೋಗುತ್ತವೆ.

ಹಂತ 2: ಮೂಲೆಯ ಪೆಟ್ಟಿಗೆ ಎಲ್ಲಿಂದ ಬರುತ್ತಿದೆ ಎಂದು ನೋಡುವುದು

ತೆರೆಯ ಬಲಗಡೆಯ ಕೆಳಮೂಲೆಯಲ್ಲಿ ಆಗಾಗ ಎದ್ದು ಬರುವ ಚಿಕ್ಕ ಪೆಟ್ಟಿಗೆಯನ್ನು ಒಮ್ಮೆ ಒತ್ತದೆ, ಮುಚ್ಚದೆ, ಹತ್ತಿರದಿಂದ ಓದಿ. ದಪ್ಪಕ್ಷರದಲ್ಲಿ ‘ನಿಮ್ಮ ಪಿಸಿ ಅಪಾಯದಲ್ಲಿದೆ’ ಎಂಬರ್ಥದ ಸಾಲು, ಪಕ್ಕದಲ್ಲಿ ಯಾವುದೋ ಆಂಟಿವೈರಸ್ ಕಂಪನಿಯ ಗುರುತು ಇರುತ್ತದೆ. ಅವೆರಡನ್ನೂ ಬಿಟ್ಟು ಉಳಿದದ್ದನ್ನು ನೋಡಿ: ಪೆಟ್ಟಿಗೆಯ ತಲೆಯ ಮೇಲೆ ಅಥವಾ ಅಡಿಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಗೂಗಲ್ ಕ್ರೋಮ್’ ಅಥವಾ ‘ಮೈಕ್ರೋಸಾಫ್ಟ್ ಎಡ್ಜ್’ ಎಂದಿದೆಯೇ? ಅದರ ಜೊತೆಗೆ ಒಂದು ಜಾಲತಾಣದ ವಿಳಾಸವಿದೆಯೇ? ಇದ್ದರೆ ಸಮಾಧಾನ ತಂದುಕೊಳ್ಳಿ. ಇದು ಬ್ರೌಸರ್ ನೋಟಿಫಿಕೇಶನ್. ಎಂದೋ ಒಂದು ದಿನ ಆ ವಿಳಾಸದ ಪುಟ ‘ಸೂಚನೆಗಳನ್ನು ಕಳಿಸಲೇ’ ಎಂದು ಕೇಳಿದಾಗ ಮನೆಯಲ್ಲಿ ಯಾರೋ ‘ಅಲೋ’ ಒತ್ತಿದ್ದಾರೆ. ಅಂದಿನಿಂದ ಆ ಪುಟ ಮುಚ್ಚಿದ್ದರೂ ಅದಕ್ಕೆ ಪೆಟ್ಟಿಗೆ ಕಳಿಸುವ ಅನುಮತಿ ಉಳಿದಿದೆ. ಬ್ರೌಸರಿನ ಕಿಟಕಿ ಮುಚ್ಚಿದ್ದಾಗಲೂ ಇವು ಬರಬಹುದು, ಏಕೆಂದರೆ ಕ್ರೋಮ್ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುವ ಸಾಧ್ಯತೆ ಇದೆ.

ಈ ಅನುಮತಿಯನ್ನು ಜನ ತಿಳಿದು ಕೊಡುವುದಿಲ್ಲ. ಬೆಳಿಗ್ಗೆ ಅಡಿಕೆ ಧಾರಣೆ ಅಥವಾ ಮೆಕ್ಕೆಜೋಳದ ದರ ನೋಡಲು ಹುಡುಕಿದಾಗ, ಎಸ್ಎಸ್ಎಲ್‌ಸಿ ಫಲಿತಾಂಶದ ದಿನ ಅವಸರದಲ್ಲಿ ಸಿಕ್ಕ ಕೊಂಡಿಯನ್ನು ಒತ್ತಿದಾಗ, ಕ್ರಿಕೆಟ್ ಪಂದ್ಯವನ್ನೋ ಹೊಸ ಸಿನಿಮಾವನ್ನೋ ಪುಕ್ಕಟೆ ತೋರಿಸುವ ತಾಣಕ್ಕೆ ಹೋದಾಗ ಈ ಪ್ರಶ್ನೆ ಎದುರಾಗುತ್ತದೆ. ಕೆಲವು ತಾಣಗಳಂತೂ ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಸುಳ್ಳನ್ನೇ ಹೇಳಿ ಅನುಮತಿ ಪಡೆಯುತ್ತವೆ. ಮನುಷ್ಯರೆಂದು ದೃಢಪಡಿಸಲು ನೋಟಿಫಿಕೇಶನ್ ಅನುಮತಿ ಎಲ್ಲಿಯೂ ಬೇಕಾಗುವುದಿಲ್ಲ.

ಪೆಟ್ಟಿಗೆಯ ಮೇಲೆ ಬ್ರೌಸರಿನ ಹೆಸರಿಲ್ಲದೆ ‘ವಿಂಡೋಸ್ ಸೆಕ್ಯುರಿಟಿ’ ಎಂದಿದ್ದರೆ ಅದು ನಿಜವಾದ ಎಚ್ಚರಿಕೆಯೂ ಆಗಿರಬಹುದು. ಪರೀಕ್ಷೆ ಸರಳ: ಪೆಟ್ಟಿಗೆಯನ್ನು ಒತ್ತದೆ, ಸ್ಟಾರ್ಟ್ ಮೆನುವಿನಲ್ಲಿ ನೀವೇ ‘ವಿಂಡೋಸ್ ಸೆಕ್ಯುರಿಟಿ’ ಎಂದು ಟೈಪ್ ಮಾಡಿ ತೆರೆಯಿರಿ. ನಿಜವಾದ ಅಪಾಯವಿದ್ದರೆ ‘ಪ್ರೊಟೆಕ್ಷನ್ ಹಿಸ್ಟರಿ’ ಎಂಬಲ್ಲಿ ಅದು ದಾಖಲಾಗಿರುತ್ತದೆ.

ಹಂತ 3: ಅನುಮತಿಯನ್ನು ಹಿಂದಕ್ಕೆ ಪಡೆಯುವುದು

ಕ್ರೋಮ್‌ನ ಬಲಗಡೆ ಮೇಲಿರುವ ಮೂರು ಚುಕ್ಕೆಗಳನ್ನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿಂದ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’. ಕೆಳಗೆ ಇಳಿದರೆ ಸೂಚನೆ ಕಳಿಸಲು ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಬಹಳ ದಿನದಿಂದ ಯಾರೂ ನೋಡದ ಕಂಪ್ಯೂಟರಿನಲ್ಲಿ ಈ ಪಟ್ಟಿ ಉದ್ದವಾಗಿಯೇ ಇರುತ್ತದೆ, ಅರ್ಥವಿಲ್ಲದ ಅಕ್ಷರಗಳನ್ನು ಪೋಣಿಸಿದಂಥ ವಿಳಾಸಗಳು ತುಂಬಿರುತ್ತವೆ. ಪ್ರತಿಯೊಂದರ ಪಕ್ಕದ ಚುಕ್ಕೆಗಳನ್ನು ಒತ್ತಿ ‘ಬ್ಲಾಕ್’ ಆರಿಸಿ. ‘ರಿಮೂವ್’ ಮಾಡಿದರೆ ಆ ತಾಣ ಮುಂದಿನ ಸಲ ಮತ್ತೆ ಕೇಳಬಲ್ಲದು. ಬ್ಲಾಕ್ ಮಾಡಿದರೆ ಕೇಳಲಾರದು.

ಪುಟದ ಮೇಲ್ಭಾಗದಲ್ಲಿ, ಯಾವ ತಾಣವೂ ನೋಟಿಫಿಕೇಶನ್‌ಗಾಗಿ ಕೇಳದಂತೆ ಮಾಡುವ ಆಯ್ಕೆ ಇದೆ. ಮನೆಯ ಕಂಪ್ಯೂಟರಿನಲ್ಲಿ ಅದನ್ನೇ ಇಟ್ಟುಬಿಡಿ ಎಂಬುದು ನನ್ನ ಖಚಿತ ಸಲಹೆ. ಇದರಿಂದ ನೀವು ಕಳೆದುಕೊಳ್ಳುವುದು ತೀರಾ ಕಡಿಮೆ. ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಬ್ರೌಸರ್ ಇದ್ದರೆ ಪ್ರತಿಯೊಂದರಲ್ಲಿಯೂ, ಕ್ರೋಮ್‌ನಲ್ಲಿ ಮನೆಯವರ ಬೇರೆ ಬೇರೆ ಪ್ರೊಫೈಲ್ ಇದ್ದರೆ ಪ್ರತಿ ಪ್ರೊಫೈಲಿನಲ್ಲಿಯೂ ಇದನ್ನು ಮಾಡಬೇಕು. ಒಂದರಲ್ಲಿ ಮಾಡಿ ‘ಹೋಗಲಿಲ್ಲ’ ಎನ್ನುವವರು ಬಹಳ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿಯೂ ಇದೇ ತೊಂದರೆ, ಇದೇ ಪರಿಹಾರ.

ನನ್ನ ಅನುಭವದಲ್ಲಿ ‘ವೈರಸ್ ಬಂದಿದೆ’ ಎನ್ನುವ ಹೆಚ್ಚಿನ ದೂರುಗಳು ಈ ಹಂತದಲ್ಲಿಯೇ ಮುಗಿಯುತ್ತವೆ. ಆದರೂ ಮುಂದಿನ ಹಂತಗಳನ್ನು ಬಿಡಬೇಡಿ. ಅಂಥ ತಾಣಗಳಿಗೆ ಹೋಗುವ ಕಂಪ್ಯೂಟರಿನಲ್ಲಿ ಸದ್ದಿಲ್ಲದ್ದೂ ಇರುವ ಸಾಧ್ಯತೆ ಹೆಚ್ಚು.

ಹಂತ 4: ಬ್ರೌಸರಿಗೆ ಅಂಟಿಕೊಂಡವು

ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿಗೆ ಸೇರಿಸುವ ಪುಟ್ಟ ಸಹಾಯಕ ತಂತ್ರಾಂಶ. ಪಿಡಿಎಫ್ ಬದಲಿಸುವುದು, ವಿಡಿಯೋ ಇಳಿಸಿಕೊಳ್ಳುವುದು, ಕೂಪನ್ ಹುಡುಕುವುದು ಎಂಬ ಹೆಸರಿನಲ್ಲಿ ಬಂದ ಕೆಲವು ಎಕ್ಸ್‌ಟೆನ್ಷನ್‌ಗಳು ನೀವು ತೆರೆಯುವ ಪ್ರತಿ ಪುಟವನ್ನೂ ಓದಬಲ್ಲವು. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿದೆ. ಮೂರು ಚುಕ್ಕೆಗಳ ಮೆನುವಿನಲ್ಲಿ ‘ಎಕ್ಸ್‌ಟೆನ್ಷನ್ಸ್’ ತೆರೆದು, ನೀವೇ ತಿಳಿದು ಹಾಕಿಕೊಂಡಿದ್ದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ತೆಗೆಯಿರಿ. ಗೂಗಲ್ ಖಾತೆಯಲ್ಲಿ ಸಿಂಕ್, ಅಂದರೆ ಬ್ರೌಸರಿನ ಸೆಟ್ಟಿಂಗ್‌ಗಳನ್ನು ಖಾತೆಯಲ್ಲೇ ಉಳಿಸಿಡುವ ಸೌಲಭ್ಯ, ಚಾಲೂ ಇದ್ದರೆ ಎಕ್ಸ್‌ಟೆನ್ಷನ್‌ಗಳು ಖಾತೆಯ ಜೊತೆಗೇ ಉಳಿಯುತ್ತವೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದು, ಮನೆಯಲ್ಲಿ ಕ್ರೋಮ್‌ಗೆ ಲಾಗಿನ್ ಆದ ಕೂಡಲೇ ಹಳೆಯ ತೊಂದರೆ ಮರಳಿ ಬರುವುದಕ್ಕೆ ಒಂದು ಕಾರಣ ಇದೇ.

ಮುಖಪುಟ ಅಥವಾ ಹುಡುಕುವ ತಾಣ ತಾನಾಗಿ ಬದಲಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ‘ರಿಸೆಟ್ ಸೆಟ್ಟಿಂಗ್ಸ್’ ಬಳಸಿ; ಬುಕ್‌ಮಾರ್ಕ್ ಮತ್ತು ಉಳಿಸಿದ ಪಾಸ್‌ವರ್ಡ್ ಇದರಿಂದ ಅಳಿಯುವುದಿಲ್ಲ. ಕ್ರೋಮ್ ಮೆನುವಿನ ತಳದಲ್ಲಿ ‘ನಿಮ್ಮ ಸಂಸ್ಥೆಯಿಂದ ನಿರ್ವಹಿಸಲ್ಪಡುತ್ತಿದೆ’ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ಗಮನಿಸಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದು ಸಹಜ. ಮನೆಯ ಸ್ವಂತ ಕಂಪ್ಯೂಟರಿನಲ್ಲಿ ಕಂಡರೆ ಯಾವುದೋ ತಂತ್ರಾಂಶ ನಿಮ್ಮ ಪರವಾಗಿ ನಿಯಮ ಹಾಕಿ ಕುಳಿತಿದೆ ಎಂದು ಊಹಿಸಬೇಕು. ಕೆಲವು ಆಂಟಿವೈರಸ್‌ಗಳೂ ಹೀಗೆ ಮಾಡುವುದರಿಂದ ಗಾಬರಿ ಬೇಡ, ಆದರೆ ಮುಂದಿನ ಎರಡು ಹಂತಗಳನ್ನು ತಪ್ಪಿಸಬೇಡಿ.

ಹಂತ 5: ಬೇಡದ ತಂತ್ರಾಂಶಗಳನ್ನು ತೆಗೆಯುವುದು

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ತೆರೆದು ಸ್ಥಾಪಿತ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನಗಳಲ್ಲಿ ಸೇರಿದ್ದೇನೆಂದು ನೋಡುವುದೇ ಇಲ್ಲಿ ಮುಖ್ಯ. ವೇಗ ಹೆಚ್ಚಿಸುತ್ತೇನೆ, ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ, ರಿಜಿಸ್ಟ್ರಿ ಶುಚಿಗೊಳಿಸುತ್ತೇನೆ ಎನ್ನುವ ಅಪರಿಚಿತ ಹೆಸರುಗಳು, ಹುಡುಕುವ ಟೂಲ್‌ಬಾರ್‌ಗಳು, ನೀವು ಬಳಸದ ದೂರನಿಯಂತ್ರಣ ತಂತ್ರಾಂಶಗಳು, ಇವೆಲ್ಲವನ್ನೂ ತೆಗೆಯಬಹುದು. ‘ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್’, ‘ಇಂಟೆಲ್’, ‘ರಿಯಲ್‌ಟೆಕ್’ ಎಂದು ಶುರುವಾಗುವವನ್ನು ಮುಟ್ಟಬೇಡಿ. ತಂತ್ರಾಂಶಗಳಿಗೂ ಯಂತ್ರಕ್ಕೂ ಅವು ಬೇಕು. ತೆಗೆಯುವಾಗ ಬರುವ ಪೆಟ್ಟಿಗೆಗಳನ್ನು ನಿಧಾನವಾಗಿ ಓದಿ. ‘ಉಳಿಸಿಕೊಳ್ಳಿ’ ಎಂಬ ಗುಂಡಿಯನ್ನು ದೊಡ್ಡದಾಗಿ ಹಸಿರಿನಲ್ಲಿ, ‘ತೆಗೆಯಿರಿ’ ಎಂಬುದನ್ನು ಮಸುಕು ಅಕ್ಷರದಲ್ಲಿ ಇಡುವುದು ಇಂಥವರ ಹಳೆಯ ಉಪಾಯ.

ಆನಂತರ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ಭಾಗದಲ್ಲಿ ಕಂಪ್ಯೂಟರಿನ ಜೊತೆಗೇ ಏಳುವ ಅಪರಿಚಿತ ಹೆಸರುಗಳನ್ನು ‘ಡಿಸೇಬಲ್’ ಮಾಡಿ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರಾಕ್ಸಿ’ ತೆರೆದು ನೋಡಿ. ನಿಮ್ಮ ಇಂಟರ್ನೆಟ್ ಸಂಚಾರವನ್ನು ಇನ್ನೊಂದು ಗಣಕದ ಮೂಲಕ ಹಾಯಿಸುವ ವ್ಯವಸ್ಥೆಗೆ ಪ್ರಾಕ್ಸಿ ಎನ್ನುತ್ತಾರೆ. ಮನೆಯಲ್ಲಿ ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಯಾವುದಾದರೂ ವಿಳಾಸ ತುಂಬಿದ್ದರೆ ಆಫ್ ಮಾಡಿ.

ಹಂತ 6: ಸ್ಕ್ಯಾನ್ ಮಾಡುವುದು, ಅದಕ್ಕೂ ಮೊದಲು ಒಂದು ಪಟ್ಟಿಯನ್ನು ನೋಡುವುದು

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಲುವಷ್ಟು ಸಮರ್ಥವಾದ ಆಂಟಿವೈರಸ್. ಆದರೆ ಸ್ಕ್ಯಾನ್ ಒತ್ತುವ ಮೊದಲು ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’, ಅದರೊಳಗೆ ‘ಮ್ಯಾನೇಜ್ ಸೆಟ್ಟಿಂಗ್ಸ್’ ತೆರೆದು, ತಳದಲ್ಲಿರುವ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ನೋಡಿ. ಆಂಟಿವೈರಸ್ ಪರಿಶೀಲಿಸಬಾರದು ಎಂದು ಬಿಟ್ಟಿರುವ ಜಾಗಗಳು ಇಲ್ಲಿರುತ್ತವೆ. ಮನೆಯ ಕಂಪ್ಯೂಟರಿನಲ್ಲಿ ಈ ಪಟ್ಟಿ ಖಾಲಿ ಇರಬೇಕು. ಸ್ಪೈವೇರ್ ಒಳಬಂದಾಗ ಮೊದಲು ಮಾಡುವ ಕೆಲಸಗಳಲ್ಲಿ ತನ್ನ ಜಾಗವನ್ನು ಈ ಪಟ್ಟಿಗೆ ಸೇರಿಸುವುದೂ ಒಂದು. ವಿಂಡೋಸ್ ಅಥವಾ ಆಫೀಸನ್ನು ಪರವಾನಗಿಯಿಲ್ಲದೆ ನಡೆಸಲು ಹಾಕುವ ಕ್ರ್ಯಾಕ್‌ಗಳೂ ಹೀಗೇ ಮಾಡುತ್ತವೆ. ಸಿ ಡ್ರೈವ್ ಇಡಿಯಾಗಿ ಈ ಪಟ್ಟಿಯಲ್ಲಿದ್ದರೆ ಸ್ಕ್ಯಾನ್ ಎಷ್ಟು ಸಲ ಮಾಡಿದರೂ ‘ಏನೂ ಇಲ್ಲ’ ಎಂದೇ ಹೇಳುತ್ತದೆ. ಕಂಡದ್ದನ್ನೆಲ್ಲ ತೆಗೆಯಿರಿ. ಅದೇ ಪುಟದಲ್ಲಿ ‘ರಿಯಲ್ ಟೈಮ್ ಪ್ರೊಟೆಕ್ಷನ್’ ಮತ್ತು ‘ಟ್ಯಾಂಪರ್ ಪ್ರೊಟೆಕ್ಷನ್’ ಎರಡೂ ಆನ್ ಇರಲಿ.

ಈಗ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ಫುಲ್ ಸ್ಕ್ಯಾನ್’ ಆರಿಸಿ. ಡಿಸ್ಕ್ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಆಗಲಿ. ಅದು ಮುಗಿದ ಮೇಲೆ ತೆರೆದಿರುವ ಕಡತಗಳನ್ನೆಲ್ಲ ಉಳಿಸಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಮಾಡಿ. ಇದು ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ಪರಿಶೀಲಿಸುವುದರಿಂದ ವಿಂಡೋಸ್ ನಡೆಯುವಾಗ ಅಡಗಿಕೊಳ್ಳುವಂಥವೂ ಸಿಕ್ಕಿಬೀಳುತ್ತವೆ. ಸುಮಾರು 15 ನಿಮಿಷ ಸಾಕು.

ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯನ್ನೋ, ಅದೇ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರನ್ನೋ ಬಳಸಬಹುದು. ಎರಡನೆಯದು ಜಾಹೀರಾತು ತುರುಕುವ ತಂತ್ರಾಂಶಗಳನ್ನೇ ಗುರಿಯಾಗಿಟ್ಟುಕೊಂಡದ್ದು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ 2017ರ ಫೆಬ್ರುವರಿಯಿಂದ ಇಂಥ ಶುದ್ಧೀಕರಣ ಸಾಧನಗಳನ್ನು ಉಚಿತವಾಗಿ ಒದಗಿಸುತ್ತಿದೆ. ಇವನ್ನು ಆಯಾ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ‘ಸ್ಪಾನ್ಸರ್ಡ್’ ಎಂದು ಬರುವ ಫಲಿತಾಂಶ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಆಂಟಿವೈರಸ್ ಹೆಸರಿನಲ್ಲಿ ಸ್ಪೈವೇರನ್ನೇ ಹಂಚುವವರೂ ಅಲ್ಲಿ ಬರುತ್ತಾರೆ. ಸದಾ ಕಾವಲು ಕಾಯುವ ಆಂಟಿವೈರಸ್ ಮಾತ್ರ ಒಂದೇ ಇರಲಿ. ಎರಡು ಹಾಕಿದರೆ ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ತೆವಳುತ್ತದೆ.

ಸ್ಕ್ಯಾನ್ ಶುರುವಾಗುವುದೇ ಇಲ್ಲ, ಡಿಫೆಂಡರ್ ತೆರೆಯುವುದೇ ಇಲ್ಲ ಎಂದಾದರೆ ಶಿಫ್ಟ್ ಕೀಲಿ ಹಿಡಿದು ‘ರಿಸ್ಟಾರ್ಟ್’ ಒತ್ತಿ, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ಮೂಲಕ ಸೇಫ್ ಮೋಡ್‌ಗೆ ಹೋಗಿ. ಇದು ಅತ್ಯಗತ್ಯವಾದವನ್ನು ಬಿಟ್ಟು ಬೇರೇನನ್ನೂ ಎಬ್ಬಿಸದ ಸ್ಥಿತಿ. ಐದನೇ ಹಂತವನ್ನು ಅಲ್ಲಿ ಮತ್ತೆ ಮಾಡಿ, ಮಾಲ್‌ವೇರ್‌ಬೈಟ್ಸ್‌ನಂಥ ಸಾಧನವನ್ನು ಅಲ್ಲಿಯೇ ನಡೆಸಿ.

ಹಂತ 7: ಪಾಸ್‌ವರ್ಡ್‌ಗಳು

ಸ್ಕ್ಯಾನ್‌ನಲ್ಲಿ ‘ಟ್ರೋಜನ್’, ‘ಸ್ಟೀಲರ್’, ‘ಸ್ಪೈ’ ಎಂಬ ಪದ ಇರುವ ಹೆಸರೇನಾದರೂ ಸಿಕ್ಕಿದ್ದರೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಹೊರಗೆ ಹೋಗಿವೆ ಎಂದೇ ಭಾವಿಸಿ ನಡೆಯಬೇಕು. ಕಂಪ್ಯೂಟರ್ ಶುಚಿಯಾದ ಮಾತ್ರಕ್ಕೆ ಕದ್ದ ಪಾಸ್‌ವರ್ಡ್ ಹಿಂದಕ್ಕೆ ಬರುವುದಿಲ್ಲ. ಇದೇ ಕಾರಣಕ್ಕೆ ಈ ಹಂತವನ್ನು ಬಿಟ್ಟವರ ಉಳಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಪಾಸ್‌ವರ್ಡ್ ಬದಲಿಸುವುದನ್ನು ಮೊಬೈಲಿನಿಂದ ಮಾಡಿ, ಆ ಕಂಪ್ಯೂಟರಿನಿಂದ ಮಾಡಬೇಡಿ. ಮೊದಲು ಇಮೇಲ್, ಏಕೆಂದರೆ ಮಿಕ್ಕ ಎಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಕೊಂಡಿ ಅಲ್ಲಿಗೇ ಬರುತ್ತದೆ, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಪಾಸ್‌ವರ್ಡ್ ಜೊತೆಗೆ ಬ್ರೌಸರಿನ ಕುಕಿಗಳನ್ನೂ ಇಂಥ ಸ್ಪೈವೇರ್‌ಗಳು ಕದಿಯುತ್ತವೆ. ಕುಕಿ ಎಂದರೆ ನೀವು ಒಮ್ಮೆ ಲಾಗಿನ್ ಆಗಿದ್ದೀರಿ ಎಂಬುದನ್ನು ತಾಣ ನೆನಪಿಟ್ಟುಕೊಳ್ಳುವ ಚೀಟಿ. ಅದನ್ನು ಕದ್ದವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆದ್ದರಿಂದ ಗೂಗಲ್ ಖಾತೆಯ ‘ಸೆಕ್ಯುರಿಟಿ’ ಭಾಗದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ತೆರೆದು, ಪರಿಚಯವಿಲ್ಲದವನ್ನೂ ತೊಂದರೆಗೊಳಗಾದ ಕಂಪ್ಯೂಟರನ್ನೂ ಸೈನ್ ಔಟ್ ಮಾಡಿ. ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿಯೂ ಹಾಗೆಯೇ ಮಾಡಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಪತ್ರಗಳು ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿವೆಯೇ ಎಂದು ಒಮ್ಮೆ ನೋಡಿ. ಕೊನೆಗೆ ಎರಡು ಹಂತದ ದೃಢೀಕರಣವನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದನ್ನೂ ಕೇಳುವ ವ್ಯವಸ್ಥೆಯನ್ನು, ಆನ್ ಮಾಡಿ.

ಮತ್ತೆ ಬಾರದಂತೆ ನೋಡಿಕೊಳ್ಳುವುದು

ಎಲ್ಲಕ್ಕಿಂತ ಮೊದಲು, ಈಚಿನ ಒಂದು ಮೋಸವನ್ನು ಮನೆಯವರಿಗೆಲ್ಲ ಹೇಳಿಕೊಡಿ. ‘ನೀವು ಮನುಷ್ಯರೆಂದು ತೋರಿಸಿ’ ಎನ್ನುವ ಪುಟವೊಂದು ಬರುತ್ತದೆ. ಚೌಕ ಒತ್ತಿದ ಮೇಲೆ, ‘ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ’ ಎಂದು ಅದು ಹೇಳುತ್ತದೆ. ಚೌಕ ಒತ್ತಿದಾಗಲೇ ಆ ಪುಟ ಒಂದು ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ, ಅಂದರೆ ನಕಲು ಮಾಡಿದ್ದನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಜಾಗಕ್ಕೆ, ಸೇರಿಸಿರುತ್ತದೆ. ಹೇಳಿದಂತೆ ಮಾಡಿದರೆ ನಿಮ್ಮ ಕೈಯಿಂದಲೇ ಸ್ಪೈವೇರನ್ನು ಒಳಗೆ ಕರೆದಂತಾಗುತ್ತದೆ. ನೀವೇ ಆಜ್ಞೆ ಕೊಟ್ಟಿರುವುದರಿಂದ ಬ್ರೌಸರಿನ ಎಚ್ಚರಿಕೆಗಳು ಅಡ್ಡ ಬರುವುದಿಲ್ಲ. ಮನುಷ್ಯರೆಂದು ತೋರಿಸಲು ಯಾವ ಸಾಚಾ ತಾಣವೂ ವಿಂಡೋಸ್ ಕೀಲಿ ಒತ್ತಿ ಎಂದು ಹೇಳುವುದಿಲ್ಲ.

ಉಚಿತ ತಂತ್ರಾಂಶಗಳನ್ನು ಮೂಲದಿಂದಲೇ ಪಡೆಯಿರಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ಸಿಗುವ ತಂತ್ರಾಂಶ. ಆದರೂ ಅದನ್ನು ಯಾವುದೋ ಡೌನ್‌ಲೋಡ್ ತಾಣದಿಂದ ಇಳಿಸಿಕೊಂಡು, ಅದರ ಜೊತೆಗೆ ಕೇಳದ ಟೂಲ್‌ಬಾರ್‌ಗಳನ್ನೂ ತಂದುಕೊಳ್ಳುವವರಿದ್ದಾರೆ. ಇಂಥ ತಾಣಗಳಲ್ಲಿ ದೊಡ್ಡದಾಗಿ ಹೊಳೆಯುವ ‘ಡೌನ್‌ಲೋಡ್’ ಗುಂಡಿಗಳು ಹಲವು ಸಲ ಜಾಹೀರಾತುಗಳು. ಪಹಣಿ, ಫಲಿತಾಂಶ, ಸೇವಾ ಸಿಂಧು ಮುಂತಾದ ಸರ್ಕಾರಿ ಕೆಲಸಗಳಿಗೆ ವಿಳಾಸದ ಕೊನೆಯಲ್ಲಿ ‘ಗೌ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇದೆಯೇ ಎಂದು ನೋಡಿ, ಒಮ್ಮೆ ಸರಿಯಾದದ್ದು ಸಿಕ್ಕಿದ ಮೇಲೆ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಪ್ರತಿ ಸಲ ಹುಡುಕುವುದರಲ್ಲಿಯೇ ಅಪಾಯವಿದೆ.

‘ವಿಂಡೋಸ್ ಸೆಕ್ಯುರಿಟಿ’ಯ ‘ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್’ನಲ್ಲಿ ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯುವ ಆಯ್ಕೆಯನ್ನು ಆನ್ ಮಾಡಿ. ಮಕ್ಕಳಿಗೂ ಹಿರಿಯರಿಗೂ ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಡಿ. ಆಗ ಇಡೀ ಕಂಪ್ಯೂಟರಿಗೆ ತಂತ್ರಾಂಶ ಹಾಕಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ. ಇನ್ನು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್‌ವರೆಗೆ ಅವಕಾಶ ಕೊಡಲಾಗಿದೆ. ಸೆಟ್ಟಿಂಗ್ಸ್‌ನ ‘ವಿಂಡೋಸ್ ಅಪ್‌ಡೇಟ್’ ತೆರೆದು ನಿಮ್ಮದು ಯಾವ ಸ್ಥಿತಿಯಲ್ಲಿದೆ ನೋಡಿಕೊಳ್ಳಿ, ಯಂತ್ರ ಒಪ್ಪಿದರೆ 11ಕ್ಕೆ ಏರಿಸಿ.

ಇಷ್ಟಾದರೂ ಹೋಗದಿದ್ದರೆ

ಆಗ ವಿಂಡೋಸನ್ನು ಹೊಸದಾಗಿ ಹಾಕುವುದೇ ಸರಿ. ಸೆಟ್ಟಿಂಗ್ಸ್‌ನ ‘ರಿಕವರಿ’ ಭಾಗದಲ್ಲಿ ‘ರಿಸೆಟ್ ದಿಸ್ ಪಿಸಿ’ ಒತ್ತಿ, ‘ರಿಮೂವ್ ಎವ್ರಿಥಿಂಗ್’ ಆರಿಸಿ, ಆನಂತರ ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ ಹೊಸ ಪ್ರತಿಯನ್ನು ಮೈಕ್ರೋಸಾಫ್ಟ್‌ನಿಂದಲೇ ತರಿಸಿಕೊಂಡು ಹಾಕಿಕೊಳ್ಳುತ್ತದೆ. ಹಲವು ಜಿಬಿ ಡೇಟಾ ಬೇಕಾಗುವುದರಿಂದ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡಬೇಡಿ.

ಅಂಗಡಿಗೇ ಕೊಡುವುದಾದರೆ ಕೊಡುವ ಮೊದಲು ಮೂರು ಸಂಗತಿಗಳನ್ನು ಮಾತನಾಡಿಕೊಳ್ಳಿ. ಯಂತ್ರದ ಜೊತೆಗೆ ಬಂದ ಅಸಲಿ ಪರವಾನಗಿಯ ವಿಂಡೋಸನ್ನೇ ಹಾಕಬೇಕು. ಅಸೆಂಬಲ್ ಮಾಡಿಸಿದ ಯಂತ್ರವಾಗಿದ್ದು ಪರವಾನಗಿ ಇಲ್ಲದಿದ್ದರೆ ಅದರ ಬೆಲೆಯನ್ನು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಂಡು ಕೊಳ್ಳಿ. ಆಂಟಿವೈರಸನ್ನು ಆಫ್ ಮಾಡಿ ಹಾಕಬೇಕಾದ ಯಾವ ತಂತ್ರಾಂಶವನ್ನೂ ಹಾಕ ಕೂಡದು. ಕಡತಗಳ ಪ್ರತಿಯನ್ನು ಅಂಗಡಿಯ ಪೆನ್‌ಡ್ರೈವಿನಲ್ಲಿ ತೆಗೆದಿಡುವುದು ಬೇಡ, ನಿಮ್ಮದನ್ನೇ ಕೊಡಿ. ಕಂಪ್ಯೂಟರ್ ಮನೆಗೆ ಬಂದ ಮೇಲೆ ಆರನೇ ಹಂತದಲ್ಲಿ ಹೇಳಿದ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ತೆರೆದು, ಅದು ಖಾಲಿ ಇದೆಯೇ ಎಂದು ನೋಡಿದ ನಂತರವೇ ಕ್ರೋಮ್‌ಗೆ ಲಾಗಿನ್ ಆಗಿ.